ಕರೆಂಟ್ ಕೊಟ್ಟ ದಿನ ಹಗುರ, ಮರುದಿನ ಮತ್ತೆ ಅದೇ ನೋವು: ಮನೆಗೇ ಮೆಷಿನ್ ತರಬಹುದೇ?

ಪ್ರಶ್ನೆ: ನಮ್ಮ ಮನೆ ಸುರತ್ಕಲ್ ಹತ್ತಿರ. ಅಮ್ಮನಿಗೆ 54 ವರ್ಷ, ಮದುವೆಗೆ ಮುಂಚಿನಿಂದಲೂ ಬೀಡಿ ಕಟ್ಟುತ್ತಾರೆ. ಒಂದು ವರ್ಷದಿಂದ ಕುತ್ತಿಗೆಯ ಹಿಂಭಾಗ ಮತ್ತು ಬಲ ಹೆಗಲು ವಿಪರೀತ ನೋವು. ಎಕ್ಸ್‌ರೇ ನೋಡಿ ‘ಸ್ವಲ್ಪ ಸವೆತ ಇದೆ’ ಅಂದರು, ಫಿಸಿಯೋಥೆರಪಿಗೆ ಬರೆದುಕೊಟ್ಟರು. ಅಲ್ಲಿ ಹತ್ತು ದಿನ ಕರೆಂಟ್ ಕೊಟ್ಟರು. ಕೊಟ್ಟ ದಿನ ಸಂಜೆವರೆಗೆ ಹಗುರ, ಮರುದಿನ ಬೆಳಿಗ್ಗೆ ಮತ್ತೆ ಅದೇ. ದಿನಕ್ಕೆ 300 ರೂಪಾಯಿ, ಬಸ್ ಖರ್ಚು ಬೇರೆ, ಬೀಡಿಯೂ ಆಗುವುದಿಲ್ಲ. ಆನ್‌ಲೈನ್‌ನಲ್ಲಿ 2,200 ರೂಪಾಯಿಗೆ ಟೆನ್ಸ್ ಮೆಷಿನ್ (ನೋವಿಗೆ ಚರ್ಮದ ಮೂಲಕ ಕರೆಂಟ್ ಕೊಡುವ ಸಣ್ಣ ಪೆಟ್ಟಿಗೆ) ಇದೆ. ತರಿಸಬಹುದೇ? ಅಪ್ಪನಿಗೂ ಮೊಣಕಾಲು ನೋವು. ಅವರಿಗೆ ಪೇಸ್‌ಮೇಕರ್ ಹಾಕಿದೆ, ಶುಗರ್ ಕೂಡ ಇದೆ. ಒಂದೇ ಮೆಷಿನ್ ಇಬ್ಬರಿಗೂ ಆಗುತ್ತದೆಯೇ? ಕರೆಂಟ್ ಅಭ್ಯಾಸವಾದರೆ ನರ ದುರ್ಬಲವಾಗುತ್ತದೆ ಎಂದು ಪಕ್ಕದ ಮನೆಯವರು ಹೆದರಿಸುತ್ತಿದ್ದಾರೆ.

ಉತ್ತರ: ಮೊದಲು ಅಪ್ಪನ ವಿಷಯ ಮುಗಿಸುತ್ತೇನೆ, ಅದು ಕಾಯುವಂಥದ್ದಲ್ಲ. ಅವರಿಗೆ ಈ ಮೆಷಿನ್ ಬೇಡ. ಪೇಸ್‌ಮೇಕರ್ ಸದಾ ಹೃದಯದ ವಿದ್ಯುತ್ ಮಿಡಿತವನ್ನು ಕಿವಿಗೊಟ್ಟು ಕೇಳುತ್ತಿರುತ್ತದೆ. ಹೊರಗಿನಿಂದ ನಾವು ಕೊಡುವ ಮಿಡಿತವನ್ನು ಅದು ಹೃದಯದ್ದೇ ಎಂದು ತಪ್ಪಾಗಿ ತಿಳಿದರೆ, ‘ಹೃದಯ ತಾನಾಗಿಯೇ ಬಡಿಯುತ್ತಿದೆ, ನನ್ನ ಕೆಲಸ ಇಲ್ಲ’ ಎಂದು ಸುಮ್ಮನಾಗಬಹುದು. ಎದೆಯೊಳಗೆ ಶಾಕ್ ಕೊಡುವ ಐಸಿಡಿ ಸಾಧನ ಇರುವವರಲ್ಲಿ ಇದರ ತಿರುವುಮುರುವು ಆಗಿ, ಬೇಡದ ಹೊತ್ತಿನಲ್ಲಿ ಶಾಕ್ ಬೀಳಬಹುದು. ಪ್ಯಾಡ್ ಅಂಟಿಸುವುದು ಮೊಣಕಾಲಿಗೆ ತಾನೇ, ಎದೆಗೆ ಎಷ್ಟು ದೂರ ಎಂದು ಕೆಲವರು ವಾದಿಸುತ್ತಾರೆ. ಹೃದಯದ ವೈದ್ಯರು ಆ ಪೇಸ್‌ಮೇಕರಿನ ಮಾದರಿ ನೋಡಿ, ನಿಗಾ ಇಟ್ಟು ಒಪ್ಪಿದರೆ ಬೇರೆ ಮಾತು. ಮನೆಯಲ್ಲಿ ನಾವಾಗಿಯೇ ಪ್ರಯೋಗ ಮಾಡುವ ವಿಷಯ ಅಲ್ಲ. ಶುಗರ್ ಇನ್ನೊಂದು ಕಾರಣ. ಬಹಳ ವರ್ಷದ ಶುಗರ್ ಇದ್ದವರಿಗೆ ಕಾಲಿನ ಸ್ಪರ್ಶ ಮಂದವಾಗಿರಬಹುದು, ಆಗ ಪ್ಯಾಡ್ ಅಡಿಯಲ್ಲಿ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಮೊಣಕಾಲು ಸವೆತಕ್ಕೆ ಕರೆಂಟಿಗಿಂತ ಹೆಚ್ಚು ಗುಣ ಕೊಡುವುದು ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾಗುವುದು. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, ಐದು ಎಣಿಸುವವರೆಗೆ ಹಿಡಿದು ನಿಧಾನ ಇಳಿಸಲಿ. ಹತ್ತು ಸಲ, ಎರಡೂ ಕಾಲು, ಬೆಳಿಗ್ಗೆ ಸಂಜೆ. ಜೊತೆಗೆ ಸಮತಟ್ಟು ನೆಲದಲ್ಲಿ ನಡಿಗೆ.

ಈಗ ಅಮ್ಮನ ಮಾತು.

ನಮ್ಮ ಕಡೆ ಫಿಸಿಯೋಥೆರಪಿಯ ಎಲ್ಲ ಮೆಷಿನ್‌ಗಳಿಗೂ ಒಂದೇ ಹೆಸರು, ‘ಕರೆಂಟ್’. ಕೊಟ್ಟದ್ದು ಯಾವುದು ಎಂದು ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ, ಆದರೆ ವಿವರಿಸಿದರೆ ನಾವು ಹೇಳಬಹುದು. ಜೆಲ್ ಹಚ್ಚಿ ಹಿಡಿಯೊಂದನ್ನು ಸುತ್ತ ಸುತ್ತ ಉಜ್ಜಿದ್ದರೆ ಅದು ಅಲ್ಟ್ರಾಸೌಂಡ್. ಒಳಗೆ ಹೋಗುವುದು ಶಬ್ದದ ಅಲೆ, ಕರೆಂಟ್ ಅಲ್ಲ. ಮುಟ್ಟದೆಯೇ ಒಳಗಿನಿಂದ ಬೆಚ್ಚಗಾದರೆ ಅದು ಡಯಾಥರ್ಮಿ, ರೇಡಿಯೋ ಅಲೆಯ ಶಾಖ. ನಾಲ್ಕು ಪ್ಯಾಡ್ ಕತ್ತರಿಯಾಕಾರದಲ್ಲಿ ಇಟ್ಟು ಜುಮುಜುಮು ಅನ್ನಿಸಿದರೆ ಅದು ಐಎಫ್‌ಟಿ. ನಿಮ್ಮ ಅಮ್ಮನಿಗೆ ಕೊಟ್ಟದ್ದು ಬಹುಶಃ ಇದೇ. ಸುಮಾರು 4,000 ಹರ್ಟ್ಸ್‌ನ (ಅಂದರೆ ಸೆಕೆಂಡಿಗೆ ಅಷ್ಟು ಸಲ ಮಿಡಿಯುವ) ಎರಡು ಪ್ರವಾಹಗಳು, ಒಂದಕ್ಕಿಂತ ಇನ್ನೊಂದು ತುಸು ಹೆಚ್ಚು ವೇಗದ್ದು, ಮೈಯೊಳಗೆ ಅಡ್ಡಹಾಯ್ದಾಗ ಅವುಗಳ ವ್ಯತ್ಯಾಸದಷ್ಟು, ಅಂದರೆ ಸೆಕೆಂಡಿಗೆ ನೂರರ ಆಸುಪಾಸಿನ ಮಿಡಿತ ಅಲ್ಲಿ ಹುಟ್ಟುತ್ತದೆ. ನೀವು ನೋಡಿದ ಟೆನ್ಸ್ ಆ ನೂರರ ಮಿಡಿತವನ್ನು ನೇರವಾಗಿ ಚರ್ಮದ ಮೂಲಕ ಕೊಡುವ, ಅಂಗೈಯಗಲದ ಪೆಟ್ಟಿಗೆ. ಐಎಫ್‌ಟಿ ಹೆಚ್ಚು ಆಳಕ್ಕೆ ಹೋಗುತ್ತದೆ ಎಂಬ ಹೊಗಳಿಕೆ ಇದೆಯಾದರೂ ನೋವು ತಗ್ಗಿಸುವುದರಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹಾಗಾಗಿ ದೊಡ್ಡ ಮೆಷಿನ್‌ನಲ್ಲಿ ಹಗುರವಾದವರಿಗೆ ಸಣ್ಣದರಲ್ಲೂ ಆಗುವ ಸಾಧ್ಯತೆ ಚೆನ್ನಾಗಿಯೇ ಇದೆ.

ನೋವಿಗೆ ಕರೆಂಟ್ ಕೊಡುವ ಯೋಚನೆ ಕರೆಂಟ್ ಕಂಡುಹಿಡಿಯುವ ಮೊದಲೇ ಇತ್ತು ಎಂದರೆ ಕರಾವಳಿಯವರಿಗೆ ತಮಾಷೆ ಅನ್ನಿಸಬಹುದು. ಮೊದಲ ಶತಮಾನದ ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ಕಾಲಿನ ಗೌಟ್ (ಒಂದು ಬಗೆಯ ಸಂಧಿವಾತ) ನೋವಿಗೆ ಶಾಕ್ ಹೊಡೆಯುವ ಜೀವಂತ ಮೀನನ್ನು ಪಾದದಡಿ ಇಟ್ಟು, ಅಲೆ ಬಂದು ತೊಯ್ಯುವ ದಡದಲ್ಲಿ ಮೊಣಕಾಲಿನವರೆಗೆ ಜೋಮು ಹಿಡಿಯುವ ತನಕ ನಿಲ್ಲಿ ಎಂದು ಬರೆದಿಟ್ಟಿದ್ದಾನೆ. ನಮ್ಮ ತೊರಕೆ ಮೀನಿನ ದಾಯಾದಿ ಅದು. ಮಲ್ಪೆಯಲ್ಲಿ ಯಾರಾದರೂ ಹಾಗೆ ನಿಂತರೆ ಜನ ಸೇರಿಯಾರು.

ಕರೆಂಟ್ ನೋವು ತಗ್ಗಿಸುವ ಬಗೆಗೆ ಮೊದಲ ಗಟ್ಟಿ ವಿವರಣೆ ಬಂದದ್ದು 1965ರಲ್ಲಿ, ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ನೋವಿನ ಸಂಶೋಧಕರಿಂದ. ಮೊಣಕೈ ಬಾಗಿಲಿಗೆ ಬಡಿದರೆ ನಾವು ಯೋಚಿಸದೆಯೇ ಅಲ್ಲಿ ತಿಕ್ಕಿಕೊಳ್ಳುತ್ತೇವೆ, ನೋವು ತುಸು ಇಳಿಯುತ್ತದೆ. ಸ್ಪರ್ಶವನ್ನು ಒಯ್ಯುವ ನರಗಳು ದಪ್ಪ, ವೇಗದವು. ನೋವನ್ನು ಒಯ್ಯುವವು ಸಪೂರ, ನಿಧಾನದವು. ಎರಡೂ ಬೆನ್ನುಹುರಿಯಲ್ಲಿ ಸೇರುವ ಕಡೆ ಒಂದು ಗೇಟ್ ಇದ್ದ ಹಾಗೆ. ಸ್ಪರ್ಶದ ಸುದ್ದಿ ನುಗ್ಗಿ ಬಂದರೆ ನೋವಿನ ಸುದ್ದಿಗೆ ಆ ಗೇಟ್ ಅರ್ಧ ಮುಚ್ಚುತ್ತದೆ ಎಂದರು ಅವರು. ಟೆನ್ಸ್ ಆ ದಪ್ಪ ನರಗಳನ್ನು ತಟ್ಟುತ್ತದೆ. ಆಮೇಲೆ ತಿಳಿದದ್ದು, ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ ಎಂದು. ಮಿದುಳಿನಿಂದ ಕೆಳಕ್ಕೆ ಇಳಿದು ಬಂದು ನೋವನ್ನು ಅದುಮುವ ದಾರಿಯೂ ಎಚ್ಚರಗೊಳ್ಳುತ್ತದೆ, ದೇಹ ತಾನೇ ತಯಾರಿಸುವ ಅಫೀಮಿನಂಥ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ಮೆಷಿನ್ ತೆಗೆದ ಮೇಲೂ ಕೆಲವರಿಗೆ ಸ್ವಲ್ಪ ಹೊತ್ತು ಆರಾಮ ಉಳಿಯುವುದು ಇದರಿಂದ.

ಈ ವಿವರಣೆಯಲ್ಲಿ ಎಲ್ಲೂ ಸವೆದ ಎಲುಬು ತುಂಬುವುದಿಲ್ಲ, ಡಿಸ್ಕ್ ಸರಿದು ಜಾಗಕ್ಕೆ ಬರುವುದಿಲ್ಲ, ದಣಿದ ಸ್ನಾಯುವಿಗೆ ಬಲ ಬರುವುದಿಲ್ಲ ಎಂಬುದನ್ನು ಗಮನಿಸಿ. ಹತ್ತು ದಿನ ಕೊಟ್ಟರೂ ಗುಣವಾಗಲಿಲ್ಲ ಎಂದು ನೀವು ಬೇಸರಿಸಿದ್ದೀರಿ. ಅದು ಗುಣಪಡಿಸುವ ಚಿಕಿತ್ಸೆ ಎಂದು ಯಾರಾದರೂ ಹೇಳಿದ್ದರೆ ತಪ್ಪು ಹೇಳಿದವರದ್ದು. ಕರೆಂಟ್ ಕೊಡುವುದು ಕೆಲವು ಗಂಟೆಗಳನ್ನು ಮಾತ್ರ. ಅಮ್ಮ ಆ ಗಂಟೆಗಳಲ್ಲಿ ಏನು ಮಾಡಿದರು ಎನ್ನುವುದರ ಮೇಲೆ ಮುಂದಿನದ್ದೆಲ್ಲ ನಿಂತಿದೆ. ನೀವು ಬರೆದದ್ದು ನೋಡಿದರೆ, ಹಗುರವಾದ ಸಂಜೆ ಬಸ್ಸಿನಲ್ಲಿ ಮನೆಗೆ ಬಂದಿರುತ್ತಾರೆ, ಬಾಕಿಯಾದ ಬೀಡಿ ಕಟ್ಟಲು ಕೂತಿರುತ್ತಾರೆ. ಮರುದಿನ ಅದೇ ನೋವು ಬಾರದೆ ಇನ್ನೇನು?

ಸಂಶೋಧನೆ ಹೇಳುವುದನ್ನು ಓದಿದರೆ ಮೊದಲು ಗಲಿಬಿಲಿಯಾಗುತ್ತದೆ. 2022ರಲ್ಲಿ ಬ್ರಿಟನ್ನಿನ ಒಂದು ತಂಡ ಟೆನ್ಸ್ ಬಗ್ಗೆ ಆದ 381 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿತು. ಕರೆಂಟ್ ಇಲ್ಲದ ಸುಳ್ಳು ಮೆಷಿನ್‌ಗೆ ಹೋಲಿಸಿದರೆ ನಿಜವಾದದ್ದರಲ್ಲಿ ನೋವು ಕಡಿಮೆ ಎಂದು ಬಂತು. 2020ರಲ್ಲಿ ಅಮೆರಿಕದ ವೈದ್ಯರ ಎರಡು ದೊಡ್ಡ ಸಂಘಗಳು ಉಳುಕು, ಪೆಟ್ಟಿನಂಥ ಹೊಸ ನೋವುಗಳಿಗೆ ಟೆನ್ಸ್ ಪ್ರಯತ್ನಿಸಬಹುದು ಎಂದವು, ಮೊದಲ ಸ್ಥಾನ ನೋವಿನ ಮುಲಾಮಿಗೆ ಕೊಟ್ಟು. ಇತ್ತ ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ ಸಂಸ್ಥೆ ನೈಸ್, ಸೊಂಟ ನೋವಿಗೆ 2016ರಲ್ಲಿ, ಸಂಧಿ ಸವೆತಕ್ಕೆ 2022ರಲ್ಲಿ, ಟೆನ್ಸ್ ಮತ್ತು ಐಎಫ್‌ಟಿ ಕೊಡಬೇಡಿ ಎಂದಿತು. 2023ರ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆಯೂ ದೀರ್ಘಕಾಲದ ಸೊಂಟ ನೋವಿಗೆ ಟೆನ್ಸ್ ಬೇಡ ಎಂದೇ ಹೇಳಿತು. ಒಬ್ಬರು ಹೌದು ಎಂದರೆ ಇನ್ನೊಬ್ಬರು ಇಲ್ಲ ಎನ್ನುತ್ತಿದ್ದಾರೆ ಅನ್ನಿಸುತ್ತದಲ್ಲವೇ? ಸರಿಯಾಗಿ ನೋಡಿದರೆ ಅವರು ಕೇಳಿದ ಪ್ರಶ್ನೆಯೇ ಬೇರೆ ಬೇರೆ. ಬ್ರಿಟನ್ನಿನ ತಂಡ ಅಳೆದದ್ದು ಮೆಷಿನ್ ಓಡುತ್ತಿರುವಾಗ ಅಥವಾ ನಿಲ್ಲಿಸಿದ ಕೂಡಲೇ ನೋವು ಎಷ್ಟು ಎನ್ನುವುದನ್ನು. ಮಾರ್ಗಸೂಚಿ ಬರೆದವರು ಕೇಳಿದ್ದು, ವಾರ-ತಿಂಗಳುಗಳ ನಂತರ ರೋಗಿ ಸುಧಾರಿಸಿದನೇ, ಕೆಲಸಕ್ಕೆ ಮರಳಿದನೇ ಎಂದು. ಮೊದಲನೆಯದಕ್ಕೆ ಉತ್ತರ ಸಾಮಾನ್ಯವಾಗಿ ಹೌದು, ಎರಡನೆಯದಕ್ಕೆ ಪುರಾವೆ ಸಾಲದು. ನಿಮ್ಮ ಅಮ್ಮನ ಮೈಯೂ ಹತ್ತು ದಿನದಲ್ಲಿ ಇದೇ ಫಲಿತಾಂಶ ಕೊಟ್ಟಿದೆ.

ನಮ್ಮ ಫಿಸಿಯೋಥೆರಪಿ ವೃತ್ತಿಯವರ ಬಗ್ಗೆಯೂ ಒಂದು ಮಾತು ಹೇಳಬೇಕು. ಪ್ಯಾಡ್ ಅಂಟಿಸಿ, ಟೈಮರ್ ತಿರುಗಿಸಿ, ಪರದೆ ಎಳೆದು ಹೋಗುವುದು, ಕೊನೆಯ ದಿನ ವ್ಯಾಯಾಮದ ಜೆರಾಕ್ಸ್ ಹಾಳೆ ಕೈಗಿಡುವುದು ನನಗೆ ಸರಿ ಕಾಣುವುದಿಲ್ಲ. ವ್ಯಾಯಾಮ ಮೊದಲ ದಿನವೇ ಶುರುವಾಗಬೇಕು, ಕರೆಂಟ್ ಅದಕ್ಕೆ ಸಹಾಯಕ್ಕಿರಬೇಕು. ಆದರೆ ಜನರೂ ಕರೆಂಟ್ ಕೊಡದೆ ಕಳಿಸಿದರೆ ‘ಏನೂ ಮಾಡಲಿಲ್ಲ, ಕೈ ಎತ್ತಿಸಿ ಇಳಿಸಿ ದುಡ್ಡು ತೆಗೊಂಡ್ರು’ ಎಂದು ಇನ್ನೊಂದು ಕಡೆ ಹೋಗುತ್ತಾರೆ ಮಾರಾಯ್ರೇ. ಅದೂ ನಿಜ.

ಬೀಡಿ ಕಟ್ಟುವವರ ಕೂರುವಿಕೆಯನ್ನು ಒಮ್ಮೆ ಪಕ್ಕದಿಂದ ನೋಡಿ. ಕಾಲು ಚಾಚಿ ಅಥವಾ ಮಡಚಿ ನೆಲದಲ್ಲಿ ಕೂತಿರುತ್ತಾರೆ, ತೊಡೆಯ ಮೇಲೆ ತಡ್ಪೆ (ಮೊರ). ಗಲ್ಲ ಎದೆಗೆ ತಾಗುವಷ್ಟು ಬಗ್ಗಿರುತ್ತದೆ. ಮೊಣಕೈ ಎರಡೂ ಗಾಳಿಯಲ್ಲಿ, ಹೆಗಲು ಕಿವಿಯ ಕಡೆ ಏರಿರುತ್ತದೆ. ಬೆರಳು ಮಾತ್ರ ಓಡುತ್ತಿರುತ್ತದೆ: ಎಲೆ, ಚಿಟಿಕೆ ಹೊಗೆಸೊಪ್ಪು, ಸುರುಳಿ, ಬಾಯಿ ಮಡಿಕೆ, ನೂಲು. ಓಡುವ ಬೆರಳು ನೋಯುವುದಿಲ್ಲ. ಅಲ್ಲಾಡದೆ ತಲೆಯನ್ನೂ ತೋಳನ್ನೂ ಹೊತ್ತುಕೊಂಡು ನಿಂತ ಕುತ್ತಿಗೆ-ಹೆಗಲಿನ ಸ್ನಾಯು ನೋಯುತ್ತದೆ. ಎಕ್ಸ್‌ರೇಯ ‘ಸವೆತ’ದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಐವತ್ತು ದಾಟಿದವರಲ್ಲಿ ನೋವೇ ಇಲ್ಲದ ಎಷ್ಟೋ ಮಂದಿಯ ಎಕ್ಸ್‌ರೇಯಲ್ಲೂ ಅದು ಕಾಣುತ್ತದೆ.

ಬೀಡಿ ಬಿಡಿ ಎಂದು ನಾನು ಹೇಳುವುದಿಲ್ಲ. ಅದು ಹೇಳಲು ಸುಲಭ, ಬೀಡಿ ಕಂಪನಿಯ ಬ್ರಾಂಚಿಗೆ ಕೊಡಬೇಕಾದ ಲೆಕ್ಕ ಅವರದ್ದು. ಆದರೆ ಗೋಡೆಗೆ ಬೆನ್ನು ಕೊಟ್ಟು ಕೂರಲಿ. ತಡ್ಪೆಯ ಅಡಿಗೆ ಒಂದು ಗಟ್ಟಿ ದಿಂಬು ಅಥವಾ ಗಿಡ್ಡ ಮಣೆ ಇಟ್ಟು ಅದನ್ನು ಒಂದು ಗೇಣು ಮೇಲೆ ತನ್ನಿ. ತಡ್ಪೆ ಮೇಲೆ ಬಂದಷ್ಟೂ ತಲೆ ಕಡಿಮೆ ಬಗ್ಗುತ್ತದೆ, ಮೊಣಕೈಗೂ ಊರಲು ಜಾಗ ಸಿಗುತ್ತದೆ. ಎಲೆ ಕತ್ತರಿಸುವುದನ್ನೆಲ್ಲ ಒಂದೇ ಸಲ, ಕಟ್ಟುವುದನ್ನೆಲ್ಲ ಒಂದೇ ಸಲ ಮಾಡುವ ಬದಲು ನಡು ನಡುವೆ ಬದಲಾಯಿಸಲಿ. ಪ್ರತಿ ಕಟ್ಟು ಮುಗಿದಾಗ ತಡ್ಪೆ ಬದಿಗಿಟ್ಟು ಎದ್ದು ನಿಂತು, ಗಲ್ಲವನ್ನು ಹಿಂದಕ್ಕೆ ಒತ್ತಿ, ಹೆಗಲಿನ ಹಲಗೆ ಎರಡನ್ನೂ ಹಿಂದೆ ಕೂಡಿಸಿ ಐದು ಸಲ ಮಾಡಿದರೆ ಒಂದು ನಿಮಿಷವೂ ಬೇಡ.

ಇನ್ನು ಬಲ ಬರುವ ವ್ಯಾಯಾಮ. 2011ರಲ್ಲಿ ಡೆನ್ಮಾರ್ಕಿನಿಂದ ಬಂದ ಒಂದು ಅಧ್ಯಯನ ನನಗೆ ತುಂಬ ಮೆಚ್ಚುಗೆಯದು. ಕುತ್ತಿಗೆ-ಹೆಗಲು ನೋವಿದ್ದ ಕಚೇರಿ ನೌಕರರಿಗೆ ರಬ್ಬರ್ ಟ್ಯೂಬ್ ಕೊಟ್ಟು, ಕೈಯನ್ನು ಪಕ್ಕದಿಂದ ಹೆಗಲ ಮಟ್ಟಕ್ಕೆ ಎತ್ತುವ ಒಂದೇ ವ್ಯಾಯಾಮ, ದಿನಕ್ಕೆ ಬರೇ 2 ನಿಮಿಷ, ವಾರಕ್ಕೆ ಐದು ದಿನ, 10 ವಾರ ಮಾಡಿಸಿದರು. ಮಾಡದವರಿಗಿಂತ ಅವರ ನೋವು ಸ್ಪಷ್ಟವಾಗಿ ಇಳಿಯಿತು. ಬೀಡಿಯ ಕೆಲಸ ಕಚೇರಿ ಕೆಲಸ ಅಲ್ಲ, ಆದರೂ ಬಗ್ಗಿ ಕೂತ ಹೆಗಲು ಹೆಗಲೇ. ರಬ್ಬರ್ ಟ್ಯೂಬ್ ಇಲ್ಲದಿದ್ದರೆ ಅರ್ಧ ಲೀಟರಿನ ನೀರಿನ ಬಾಟಲಿ ಹಿಡಿದು ಮಾಡಲಿ. ಸುಲಭ ಅನ್ನಿಸಿದ ಮೇಲೆ ಒಂದು ಲೀಟರ್. ಮೊದಲ ಎರಡು ವಾರ ಸ್ನಾಯು ಗೊಣಗುತ್ತದೆ. ಅಲ್ಲಿಯೇ ನಿಮ್ಮ ಮೆಷಿನ್ ಕೆಲಸಕ್ಕೆ ಬರುವುದು. ಟೆನ್ಸ್ ಹಾಕಿಕೊಂಡೇ, ಅಥವಾ ತೆಗೆದ ಕೂಡಲೇ ವ್ಯಾಯಾಮ ಮಾಡಲಿ. ಅಲ್ಲಾಡುವಾಗಿನ ನೋವಿಗೆ ಟೆನ್ಸ್ ಉಪಕಾರಿ ಎಂಬುದು ಫೈಬ್ರೋಮಯಾಲ್ಜಿಯಾ (ಮೈಯೆಲ್ಲ ನೋಯುವ ದೀರ್ಘಕಾಲದ ಕಾಯಿಲೆ) ಇರುವ ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದ, 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಕಂಡಿದೆ.

ಬಳಸುವ ಕ್ರಮ ಹೀಗೆ. ಪ್ಯಾಡ್ ಅಂಟಿಸುವ ಜಾಗದಲ್ಲಿ ತೆಂಗಿನೆಣ್ಣೆ, ನೋವಿನ ತೈಲ, ಮುಲಾಮು ಯಾವುದೂ ಇರಬಾರದು. ನಮ್ಮ ಊರಿನ ನೂರಕ್ಕೆ ತೊಂಬತ್ತು ದೂರು, ‘ಪ್ಯಾಡ್ ನಿಲ್ಲುವುದಿಲ್ಲ, ಸೂಜಿ ಚುಚ್ಚಿದ ಹಾಗಾಗುತ್ತದೆ’ ಎನ್ನುವುದು, ಎಣ್ಣೆಯಿಂದ ಅಥವಾ ಬೆವರಿನಿಂದ ಬರುವುದು. ಪ್ಯಾಡ್ ಅರ್ಧ ಎದ್ದರೆ ಎಲ್ಲ ಕರೆಂಟ್ ಉಳಿದ ಸಣ್ಣ ಜಾಗದಿಂದ ನುಗ್ಗುತ್ತದೆ, ಅದಕ್ಕೇ ಚುಚ್ಚುವುದು. ಸಾಬೂನು ಹಾಕಿ ತೊಳೆದು, ಒರೆಸಿ, ಫ್ಯಾನ್ ಅಡಿ ಒಣಗಿಸಿ ಅಂಟಿಸಿ. ಒಂದು ಪ್ಯಾಡ್ ಕುತ್ತಿಗೆಯ ಬುಡದಲ್ಲಿ, ಬೆನ್ನುಮೂಳೆಯ ಬಲಬದಿಗೆ; ಇನ್ನೊಂದು ಹೆಗಲ ಮೇಲಿನ ಹಿಡಿದುಕೊಂಡ ಸ್ನಾಯುವಿನ ಆಚೆ ತುದಿಗೆ. ಕುತ್ತಿಗೆಯ ಮುಂಭಾಗ ಮತ್ತು ಪಕ್ಕಕ್ಕೆ ಎಂದೆಂದಿಗೂ ಬೇಡ: ಅಲ್ಲಿ ರಕ್ತದೊತ್ತಡವನ್ನು ಅಳೆಯುವ ನರಗಳಿವೆ, ತಲೆತಿರುಗಿ ಬೀಳಬಹುದು. ತಲೆಗೆ, ಮುಖಕ್ಕೆ, ಎದೆಗೆ ಅಡ್ಡಲಾಗಿ, ಗಾಯದ ಮೇಲೆ, ಸ್ಪರ್ಶವಿಲ್ಲದ ಚರ್ಮದ ಮೇಲೆ, ಕ್ಯಾನ್ಸರ್ ಗಡ್ಡೆ ಇರುವ ಕಡೆ, ರಕ್ತ ಹೆಪ್ಪುಗಟ್ಟಿದ ಕಾಲಿಗೆ ಸಹ ಬೇಡ. ಫಿಟ್ಸ್ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಮಿಡಿತ 80 ರಿಂದ 100 ಹರ್ಟ್ಸ್, ಅಗಲ (ಒಂದೊಂದು ಮಿಡಿತ ಇರುವ ಹೊತ್ತು) 100 ರಿಂದ 200 ಮೈಕ್ರೋಸೆಕೆಂಡ್, ಹೊತ್ತು ಅರ್ಧ ಗಂಟೆ. ಎಷ್ಟು ಜೋರು ಎನ್ನುವುದರಲ್ಲಿ ಜನ ಎಡವುತ್ತಾರೆ. ಇರುವೆ ಹರಿದ ಹಾಗೆ ಅನ್ನಿಸಿದೊಡನೆ ನಿಲ್ಲಿಸಿದರೆ ಫಲ ಇಲ್ಲ. ಟೆನ್ಸ್‌ನಿಂದ ಉಪಯೋಗವಿಲ್ಲ ಎಂದ ಹಳೆಯ ಪ್ರಯೋಗಗಳ ಮೇಲೆ ಇರುವ ಒಂದು ಆಕ್ಷೇಪವೇ, ಅವರು ಕೊಟ್ಟದ್ದು ತೀರ ಮೆದು ಎಂಬುದು. ಜೋರಾಗಿದೆ, ಆದರೆ ತಡೆದುಕೊಳ್ಳಬಹುದು, ಉರಿಯುತ್ತಿಲ್ಲ, ಸ್ನಾಯು ಕುಪ್ಪಳಿಸುತ್ತಿಲ್ಲ: ಆ ಮಟ್ಟ ಬೇಕು. ಐದು ನಿಮಿಷದಲ್ಲಿ ಜುಮುಜುಮು ಕಡಿಮೆಯಾದಂತೆ ಅನ್ನಿಸಿದರೆ ಒಂದು ಮೆಟ್ಟಿಲು ಏರಿಸಿ. ಹಾಕಿಕೊಂಡು ನಿದ್ರೆ ಮಾಡುವುದು, ಸ್ಕೂಟರ್ ಓಡಿಸುವುದು ಬೇಡ. ಚಾರ್ಜ್ ಆಗುವ ಮಾದರಿಯಾದರೆ ಪ್ಲಗ್‌ನಲ್ಲಿರುವಾಗ ಮೈಗೆ ಹಾಕಬೇಡಿ. ಮಳೆಗಾಲದಲ್ಲಿ ನಮ್ಮಲ್ಲಿ ಸಿಡಿಲಿಗೆ ಮನೆಯ ಲೈನ್ ಏನೇನು ಆಡುತ್ತದೆ ಎಂದು ನಿಮಗೆ ಗೊತ್ತು.

ಪಕ್ಕದ ಮನೆಯವರ ಮಾತಿನಲ್ಲಿ ಮುಕ್ಕಾಲು ಭಾಗ ಹೆದರಿಕೆ, ಕಾಲು ಭಾಗ ಸತ್ಯ. ನರ ದುರ್ಬಲವಾಗುವುದಿಲ್ಲ. ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದೆರಡು ಭಾಗದಷ್ಟು ಹೊತ್ತಿನ, ಮಿಲಿಆಂಪಿಯರ್ ಲೆಕ್ಕದ ಮಿಡಿತ ನರವನ್ನು ಕೆಡಿಸುವಷ್ಟಿಲ್ಲ. ಆದರೆ ಮೈ ಅದಕ್ಕೆ ಒಗ್ಗಿಕೊಳ್ಳುವುದು ನಿಜ. ಅಯೋವಾ ವಿಶ್ವವಿದ್ಯಾಲಯದ ಕ್ಯಾಥ್ಲೀನ್ ಸ್ಲೂಕಾ ಅವರ ತಂಡ ಇಲಿಗಳಿಗೆ ದಿನಾ ಒಂದೇ ಮಿಡಿತ ಕೊಟ್ಟಾಗ ನಾಲ್ಕನೇ ದಿನಕ್ಕೇ ಪರಿಣಾಮ ಮಾಯವಾಯಿತು. ಅದಕ್ಕೆ ಒಂದು ದಿನ 100 ಹರ್ಟ್ಸ್, ಇನ್ನೊಂದು ದಿನ 4 ಹರ್ಟ್ಸ್ ಎಂದು ಬದಲಾಯಿಸುತ್ತಾ ಹೋಗಿ. ನಾಲ್ಕರಲ್ಲಿ ಸ್ನಾಯು ಮೆಲ್ಲಗೆ ಟಕ್ ಟಕ್ ಎನ್ನುತ್ತದೆ, ಅದು ಸಹಜ. ಟ್ರಮಡಾಲ್‌ನಂಥ, ಅಫೀಮಿನ ಜಾತಿಯ ನೋವಿನ ಮಾತ್ರೆ ಬಹಳ ದಿನದಿಂದ ತಿನ್ನುತ್ತಿರುವವರಿಗೆ ಈ ಕಡಿಮೆ ಮಿಡಿತ ಅಷ್ಟಾಗಿ ಹತ್ತುವುದಿಲ್ಲ, ಅಂಥವರು ನೂರರಲ್ಲೇ ಇರಲಿ.

ನಡುವೆ ಬಲಗೈಗೆ ಜೋಮು ಇಳಿದರೆ, ಬೀಡಿ ಕೈಯಿಂದ ಜಾರತೊಡಗಿದರೆ, ನಡೆಯುವಾಗ ಕಾಲು ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ, ರಾತ್ರಿ ಎಬ್ಬಿಸುವ ನೋವಿನ ಜೊತೆ ಜ್ವರ ಅಥವಾ ತೂಕ ಇಳಿತ ಇದ್ದರೆ ಮೆಷಿನ್ ಬದಿಗಿಟ್ಟು ಮೂಳೆ ವೈದ್ಯರ ಹತ್ತಿರ ಹೋಗಿ. ನಮ್ಮಲ್ಲಿ ಬೆನ್ನೆಲುಬಿನ ಟಿ.ಬಿ. ಇನ್ನೂ ಹೋಗಿಲ್ಲ. ನಡೆದಾಗ ಬಂದು ಕೂತಾಗ ಹೋಗುವ ಹೆಗಲು ನೋವಿದ್ದರೆ, ಬೆವರಿದರೆ, ನೇರ ಹೃದಯದ ಕಡೆ ತೋರಿಸಿ.

2,200 ರೂಪಾಯಿ ಕೊಡುವ ಮೊದಲು ಒಂದು ಕೆಲಸ ಮಾಡಿ. ಹೋಗುತ್ತಿದ್ದ ಕ್ಲಿನಿಕ್ಕಿಗೆ ಇನ್ನೊಂದೇ ದಿನ ಹೋಗಿ, ಮೇಲೆ ಹೇಳಿದ ಲೆಕ್ಕದಲ್ಲಿ ಟೆನ್ಸ್ ಹಾಕಿಸಿ. ಹಾಕುವ ಮೊದಲು ಅಮ್ಮ ತಲೆಯನ್ನು ಬಲಕ್ಕೆ ತಿರುಗಿಸಿ ಎಲ್ಲಿವರೆಗೆ ನೋಡಬಲ್ಲರು, ಕೈ ಎತ್ತಿ ಮೇಲಿನ ಕಪಾಟಿನ ಡಬ್ಬ ತೆಗೆಯುವಷ್ಟು ಹೋಗುತ್ತದೆಯೇ ಎಂದು ನೋಡಿಕೊಳ್ಳಿ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ವ್ಯತ್ಯಾಸ ಕಂಡರೆ ತರಿಸಿ. ಕನಿಷ್ಠ ಎರಡು ಚಾನೆಲ್ (ಒಂದೊಂದು ಜೋಡಿ ಪ್ಯಾಡ್‌ಗೆ ಒಂದೊಂದು), ಮಿಡಿತ ಮತ್ತು ಅಗಲ ಎರಡನ್ನೂ ಅಂಕೆಯಲ್ಲಿ ತೋರಿಸುವ ಪರದೆ, ತಯಾರಕರ ಲೈಸೆನ್ಸ್ ಸಂಖ್ಯೆ ಪೆಟ್ಟಿಗೆ ಮೇಲೆ ಇರಲಿ. ‘ಚಿಟ್ಟೆ ಮಸಾಜರ್’ ಎಂದು ಇನ್ನೂರು-ಮುನ್ನೂರಕ್ಕೆ ಬರುವುದರಲ್ಲಿ ಇವು ಯಾವುವೂ ಇರುವುದಿಲ್ಲ. ಅಂಟು ಪ್ಯಾಡ್ ಎರಡು ಮೂರು ಡಜನ್ ಸಲಕ್ಕೆ ಸತ್ತುಹೋಗುತ್ತದೆ, ನಮ್ಮ ಸೆಕೆಗೆ ಇನ್ನೂ ಬೇಗ. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಅರ್ಧ ಗಂಟೆಯ ಮೇಲೂ ಕುತ್ತಿಗೆ ಅಷ್ಟೇ ತಿರುಗಿದರೆ ಮೆಷಿನ್ ಬೇಡ. ಆ ದುಡ್ಡಿನಲ್ಲಿ ಒಂದು ರಬ್ಬರ್ ಟ್ಯೂಬ್, ತಡ್ಪೆಯ ಅಡಿಗೆ ಒಂದು ಮಣೆ ಬಂದೂ ಹೆಚ್ಚಿನದು ಕೈಯಲ್ಲೇ ಉಳಿಯುತ್ತದೆ.